ಶನಿವಾರದ ಪ್ರಯಾಣಕ್ಕೆ ಬುಧವಾರದ ತಯಾರಿ: ಮನೆಯ ಕಾರನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಬಗೆ

ನಮ್ಮ ಕಾರು ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ಅಲುಗಾಡದೆ ನಿಂತಿರುತ್ತದೆ. ಕಚೇರಿಗೆ ಮೆಟ್ರೊ ಇದೆ, ಅಂಗಡಿಗೆ ಸ್ಕೂಟರ್ ಇದೆ. ಹೀಗೆ ಐದು ದಿನ ಸುಮ್ಮನಿದ್ದ ಕಾರು ಶನಿವಾರ ಬೆಳಗಿನ ಜಾವ ಐದು ಗಂಟೆಗೆ ಐದು ಜನರನ್ನೂ ಅವರ ಚೀಲಗಳನ್ನೂ ಹೊತ್ತು, ನೆಲಮಂಗಲ ದಾಟಿ, ಹಾಸನದ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿ, ಮಧ್ಯಾಹ್ನದೊಳಗೆ ಘಾಟಿಯ ತಿರುವುಗಳನ್ನು ಹತ್ತಿಳಿಯಬೇಕೆಂದು ನಾವು ಬಯಸುತ್ತೇವೆ. ಓಡಿದರೆ ಕಾರು ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿಂತಲ್ಲೇ ನಿಂತರೂ ಅದು ಕೆಡುತ್ತದೆ ಎಂಬುದು ಅನೇಕರಿಗೆ ತಿಳಿಯುವುದು ಹೊರಡುವ ದಿನವೇ ಸೆಲ್ಫ್ ತಿರುಗದೆ ಬರೀ ‘ಟಿಕ್ ಟಿಕ್’ ಎಂದಾಗ. ಬ್ಯಾಟರಿ ಇಳಿಯುತ್ತದೆ, ಟೈರಿನ ಗಾಳಿ ತಗ್ಗುತ್ತದೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ, ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುತ್ತದೆ. ‘ಹೆಚ್ಚು ಓಡಿಸಿಯೇ ಇಲ್ಲವಲ್ಲ’ ಎಂದು ಸರ್ವೀಸನ್ನು ಮುಂದೂಡುವ ಅಭ್ಯಾಸವೂ ಇದಕ್ಕೆ ಸೇರಿಕೊಂಡರೆ, ಕೆಟ್ಟು ನಿಲ್ಲಲು ಕಾರಿಗೆ ಬೇರೆ ಕಾರಣ ಬೇಕಿಲ್ಲ.

ಆದುದರಿಂದ ವಾರಾಂತ್ಯಕ್ಕಷ್ಟೇ ಹೊರಡುವ ಕಾರಿನ ಪರಿಶೀಲನೆಯನ್ನು ಬುಧವಾರ ಸಂಜೆ ಮಾಡಬೇಕೆಂಬುದು ನನ್ನ ಒತ್ತಾಯ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ನೋಡಿದಾಗ ದೋಷ ಕಂಡರೂ ಪ್ರಯೋಜನವಿಲ್ಲ, ಗ್ಯಾರೇಜು ಮುಚ್ಚಿರುತ್ತದೆ. ಆಗ ‘ಹೇಗೂ ಇಷ್ಟು ದಿನ ಓಡಿದೆ, ಇದೊಂದು ಸಲ ಹೋಗಿ ಬರೋಣ’ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಬುಧವಾರ ಕಂಡ ದೋಷಕ್ಕೆ ಗುರುವಾರ, ಶುಕ್ರವಾರ ಎರಡು ದಿನಗಳ ಕಾಲಾವಕಾಶವಿರುತ್ತದೆ. ಬಿಡಿಭಾಗ ತರಿಸಬೇಕಾದರೂ ಅಷ್ಟು ಸಾಕಾಗಬಹುದು. ಮುಂದೆ ಹೇಳಿರುವ ಕೆಲಸಗಳಿಗೆ ಮೊದಲ ಸಲ ಒಂದು ಗಂಟೆ, ರೂಢಿಯಾದ ಮೇಲೆ ಅರ್ಧ ಗಂಟೆ ಹಿಡಿಯುತ್ತದೆ. ಹಳೆಯ ಬಟ್ಟೆ, ಟಾರ್ಚ್, ಗಾಳಿ ಅಳೆಯುವ ಗೇಜು ಮತ್ತು ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು.

ಮೊದಲು ನೆಲ ನೋಡಿ

ಬಾನೆಟ್ ಎತ್ತುವ ಮೊದಲು ಕಾರನ್ನು ಒಂದೆರಡು ಅಡಿ ಮುಂದಕ್ಕೆ ಸರಿಸಿ, ಅದು ನಿಂತಿದ್ದ ಜಾಗವನ್ನು ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಎ.ಸಿ. ಹಾಕಿ ಬಂದು ನಿಲ್ಲಿಸಿದ ಕಾರಿನ ಕೆಳಗೆ ಬಣ್ಣವಿಲ್ಲದ, ಜಿಡ್ಡಿಲ್ಲದ ನೀರು ತೊಟ್ಟಿಕ್ಕಿದ್ದರೆ ಅದು ಸಹಜ, ಚಿಂತಿಸಬೇಕಿಲ್ಲ. ಕಪ್ಪು ಅಥವಾ ಕಂದು ಬಣ್ಣದ ಜಿಡ್ಡು ಕಂಡರೆ ಎಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಸೋರುತ್ತಿದೆ. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ, ತುಸು ಸಿಹಿ ವಾಸನೆಯ ದ್ರವ ಕಂಡರೆ ಅದು ಎಂಜಿನ್ನನ್ನು ತಣಿಸುವ ಕೂಲೆಂಟ್. ಚಕ್ರದ ಒಳಮಗ್ಗುಲಲ್ಲಿ ಒದ್ದೆ ಕಂಡರೆ ಬ್ರೇಕ್ ಆಯಿಲ್ ಎಂದು ಅನುಮಾನಿಸಿ, ಆ ಕಾರನ್ನು ಮೆಕ್ಯಾನಿಕ್ ನೋಡುವವರೆಗೆ ರಸ್ತೆಗೆ ಇಳಿಸಬಾರದು. ನೆಲಮಾಳಿಗೆಯಲ್ಲಿ ಪಕ್ಕದವರ ಕಾರಿನ ಕಲೆಯೂ ನಿಮ್ಮ ಜಾಗಕ್ಕೆ ಹರಿದು ಬಂದಿರಬಹುದು. ಸಂಶಯ ಬಂದರೆ ಹಳೆಯ ದಿನಪತ್ರಿಕೆಯ ಹಾಳೆಯನ್ನು ಎಂಜಿನ್ನಿನ ಕೆಳಗೆ ಹಾಸಿ, ಮರುದಿನ ಬೆಳಿಗ್ಗೆ ನೋಡಿದರೆ ತಪ್ಪು ಯಾರದೆಂದು ಗೊತ್ತಾಗುತ್ತದೆ.

ಬ್ಯಾಟರಿ

ಹೊರಡುವ ದಿನ ಬೆಳಿಗ್ಗೆ ಕೈಕೊಡುವುದರಲ್ಲಿ ಬ್ಯಾಟರಿಗೆ ಮೊದಲ ಸ್ಥಾನ. ಕಾರಿಗೆ ಬೀಗ ಹಾಕಿ ಹೋದ ಮೇಲೂ ಅದರ ಗಡಿಯಾರ, ಸೆಂಟ್ರಲ್ ಲಾಕ್ ಮತ್ತು ಕಳ್ಳತನದ ಅಲಾರಂ ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತನ್ನು ಬಳಸುತ್ತಲೇ ಇರುತ್ತವೆ. ಡ್ಯಾಶ್‌ಕ್ಯಾಮ್ ಅಥವಾ ಹೊರಗಿನಿಂದ ಕೂರಿಸಿದ ಮ್ಯೂಸಿಕ್ ಸಿಸ್ಟಮ್ ಇದ್ದು, ಅದರ ತಂತಿಯನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರೆ ಈ ಬಳಕೆ ಇನ್ನೂ ಹೆಚ್ಚು. ಕಾರು ಕನಿಷ್ಠ ಒಂದು ರಾತ್ರಿ ನಿಂತಿದ್ದ ಬಳಿಕ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಧನಾಗ್ರಕ್ಕೆ, ಕಪ್ಪು ಕಡ್ಡಿಯನ್ನು ಋಣಾಗ್ರಕ್ಕೆ ಮುಟ್ಟಿಸಿ ನೋಡಬೇಕು. 12.6 ವೋಲ್ಟ್ ಆಸುಪಾಸಿದ್ದರೆ ಬ್ಯಾಟರಿ ತುಂಬಿದೆ, 12.4 ಇದ್ದರೆ ಮುಕ್ಕಾಲು ಪಾಲು, 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಅನಂತರ ಎಂಜಿನ್ ಚಾಲೂ ಮಾಡಿ ಮತ್ತೊಮ್ಮೆ ಅಳೆಯಬೇಕು. ಆಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗಲೂ ಮೀಟರು 12ರಲ್ಲೇ ನಿಂತಿದ್ದರೆ ದೋಷವಿರುವುದು ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರಿನಲ್ಲೋ ಅದರ ಬೆಲ್ಟಿನಲ್ಲೋ. ಇದನ್ನು ತಿಳಿಯದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಎರಡು ದಿನದಲ್ಲಿ ಮಲಗುತ್ತದೆ.

ಅನೇಕರು ವಾರದ ಮಧ್ಯೆ ಕಾರನ್ನು ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ಆರಿಸುತ್ತಾರೆ. ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಳೆದುಕೊಂಡದ್ದು ಐದು ನಿಮಿಷದ ಐಡ್ಲಿಂಗಿನಲ್ಲಿ ಪೂರ್ತಿಯಾಗಿ ಮರಳಿ ಬರುವುದಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದೆ ಆಯಿಲ್‌ನಲ್ಲೂ ಸೈಲೆನ್ಸರಿನಲ್ಲೂ ತೇವ ಉಳಿಯುತ್ತದೆ. ಅದರ ಬದಲು ಬುಧವಾರದ ಪರಿಶೀಲನೆ ಮುಗಿದ ಬಳಿಕ ಒಂದು ಸುತ್ತು, ಇಪ್ಪತ್ತರಿಂದ ಮೂವತ್ತು ನಿಮಿಷ, ಓಡಿಸಿಕೊಂಡು ಬರಬೇಕು. ಬಿಎಸ್-6 ಡೀಸೆಲ್ ಕಾರುಗಳಿಗೆ ಇದು ಇನ್ನೂ ಮುಖ್ಯ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಈ ಮಾನದಂಡ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಯ ಹಾದಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಸ್ವಚ್ಛಗೊಳಿಸಿಕೊಳ್ಳಲು ಬೇಕಾದ ಬಿಸಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗ ಸಿಗುವುದಿಲ್ಲ. ಹೊರವರ್ತುಲ ರಸ್ತೆಯಂಥ ಕಡೆ ಬಿಡುವಿನ ಹೊತ್ತಿನಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿದರೆ ಸಿಗುತ್ತದೆ.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಉಜ್ಜಿ ತೊಳೆದು, ಒರೆಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಬಹುದು. ತಂತಿ ಬಿಚ್ಚುವಾಗ ಋಣಾಗ್ರದ್ದನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ಬ್ಯಾಟರಿಗೆ ನಾಲ್ಕು ವರ್ಷ ತುಂಬಿ, ಸೆಲ್ಫ್ ಎಳೆದೆಳೆದು ತಿರುಗುತ್ತಿದ್ದರೆ ಅದು ಪೂರ್ತಿ ಸಾಯುವವರೆಗೆ ಕಾಯದೆ ಬದಲಿಸುವುದು ನನ್ನ ಪದ್ಧತಿ. ಉಳಿಸಿದ ಆರು ತಿಂಗಳ ಆಯುಷ್ಯಕ್ಕಿಂತ ಮೂಡಿಗೆರೆಯ ಮಳೆಯಲ್ಲಿ ತಳ್ಳುವವರನ್ನು ಹುಡುಕುವ ಕಷ್ಟ ದೊಡ್ಡದು.

ಟೈರು

ಟೈರಿನ ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲು ಅಳೆಯಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿದೆ. ಆ ಚೀಟಿಯಲ್ಲಿ ಬಹಳಷ್ಟು ಕಾರುಗಳಿಗೆ ಎರಡು ಅಂಕಿಗಳಿರುತ್ತವೆ: ಇಬ್ಬರು ಮೂವರು ಕೂತಾಗಿನದೊಂದು, ಕಾರು ತುಂಬ ಜನ ಮತ್ತು ಸಾಮಾನು ಇದ್ದಾಗಿನದೊಂದು. ವಾರಾಂತ್ಯಕ್ಕೆ ಬೇಕಾದದ್ದು ಎರಡನೆಯದು. ಪೆಟ್ರೋಲ್ ಬಂಕಿನಲ್ಲಿ ‘ಎಷ್ಟು ಸಾರ್?’ ಎಂದು ಕೇಳಿದಾಗ ರೂಢಿಯ ಮಾತಿನಂತೆ ‘ಮೂವತ್ತು’ ಎಂದುಬಿಡುವವರು ತಮ್ಮ ಚೀಟಿಯನ್ನು ಒಮ್ಮೆ ಓದಿ ನೋಡಬೇಕು; ಹಿಂದಿನ ಚಕ್ರಗಳಿಗೆ ಅದಕ್ಕಿಂತ ಹೆಚ್ಚು ಬೇಕಿದ್ದೀತು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ, ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ (ಗೇಜಿನಲ್ಲಿ ಗಾಳಿಯ ಒತ್ತಡ ತೋರಿಸುವ ಅಳತೆ). ಹಾಗಾಗಿ ಹೆದ್ದಾರಿಯ ನಡುವೆ ಅಳೆದು ‘ಜಾಸ್ತಿಯಾಗಿದೆ’ ಎಂದು ಗಾಳಿ ಬಿಡಬಾರದು. ನೈಟ್ರೋಜನ್ನೇ ಬೇಕೆ ಎಂದು ಕೇಳುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78ರಷ್ಟು ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಅಳೆಯುವ ಅಭ್ಯಾಸವಿದ್ದರೆ ಸಾದಾ ಗಾಳಿಯೇ ಸಾಕು.

ಸವೆತವನ್ನು ನೋಡಲು ಟೈರಿನ ಗೆರೆಗಳ ನಡುವೆ ಅಡ್ಡಲಾಗಿ ಎದ್ದಿರುವ ಸಣ್ಣ ದಿಬ್ಬಗಳನ್ನು ಹುಡುಕಬೇಕು. ಟೈರಿನ ಮೈ ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದಿದ್ದರೆ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ಕಾನೂನು ಒಪ್ಪುವ ಕೊನೆಯ ಮಿತಿಯೂ ಅದೇ. ಮಲೆನಾಡಿನ ಮಳೆಗೆ ಅಷ್ಟು ಸಾಲದು, 3 ಮಿಲಿಮೀಟರ್ ಇರುವಾಗಲೇ ಬದಲಿಸುವ ಯೋಚನೆ ಮಾಡುವುದು ಒಳ್ಳೆಯದು. ಆದರೆ ಕಡಿಮೆ ಓಡುವ ಕಾರಿಗೆ ಸವೆತಕ್ಕಿಂತ ವಯಸ್ಸೇ ಶತ್ರು. ಟೈರಿನ ಪಕ್ಕೆಯ ಮೇಲೆ ಉದ್ದದ ಸಂಕೇತವೊಂದರ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗೆರೆಗಳು ಹೊಸದರಂತೆ ಕಂಡರೂ ಆರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿ, ಪಕ್ಕೆಯಲ್ಲಿ ಸಣ್ಣ ಬಿರುಕು ಬಿಟ್ಟು, ಒದ್ದೆ ರಸ್ತೆಯ ಮೇಲೆ ಹಿಡಿತ ಕಳೆದುಕೊಂಡಿರುತ್ತದೆ. ಪಕ್ಕೆಯಲ್ಲಿ ಗುಳ್ಳೆಯಂತೆ ಉಬ್ಬಿರುವ ಟೈರನ್ನಂತೂ ‘ಹೋಗಿ ಬಂದ ಮೇಲೆ ನೋಡೋಣ’ ಎನ್ನುವಂತಿಲ್ಲ. ಹೊಂಡಕ್ಕೆ ಬಿದ್ದು ಒಳಗಿನ ದಾರಗಳು ಹರಿದಿರುವುದರಿಂದಲೇ ಆ ಉಬ್ಬು.

ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ನಾಲ್ಕು ಚಕ್ರಗಳ ಜೊತೆಗೆ ಅದರ ಗಾಳಿಯನ್ನೂ ಅಳೆಯಿಸಬೇಕು. ಉಳಿದ ಚಕ್ರಗಳಿಗಿಂತ ಕಿರಿದಾದ ಸ್ಟೆಪ್ನಿ ಕೊಟ್ಟಿದ್ದರೆ ಅದರ ಮೇಲೆ ಗಂಟೆಗೆ 80 ಕಿ.ಮೀ. ಎಂದು ಬರೆದಿರುತ್ತದೆ, ಅದು ಪಂಕ್ಚರ್ ಅಂಗಡಿಯವರೆಗೆ ಹೋಗುವುದಕ್ಕೆ ಮಾತ್ರ. ಇನ್ನೊಂದು ಕೆಲಸವನ್ನು ವರ್ಷಕ್ಕೊಮ್ಮೆಯಾದರೂ ಮಾಡಬೇಕು: ಮನೆಯ ಅಂಗಳದಲ್ಲೇ ಒಂದು ಚಕ್ರವನ್ನು ಬಿಚ್ಚಿ ಹಾಕಿ ನೋಡುವುದು. ಟೈರ್ ಅಂಗಡಿಯವರು ನಟ್ಟುಗಳನ್ನು ಗಾಳಿಯ ಗನ್ನಿನಿಂದ ಬಿಗಿಯುವುದರಿಂದ ಕಾರಿನ ಜೊತೆ ಬಂದ ಗಿಡ್ಡ ಸ್ಪ್ಯಾನರಿಗೆ ಅವು ಜಗ್ಗುವುದಿಲ್ಲ. ನಾನು ಗುಜರಿ ಅಂಗಡಿಯಿಂದ ಎರಡಡಿಯ ಕಬ್ಬಿಣದ ಪೈಪೊಂದನ್ನು ತಂದು, ಸ್ಪ್ಯಾನರಿನ ಹಿಡಿಗೆ ತೂರುತ್ತದೆಯೇ ಎಂದು ನೋಡಿ, ಡಿಕ್ಕಿಯಲ್ಲಿಟ್ಟಿದ್ದೇನೆ. ಅದನ್ನು ತೂರಿಸಿ ಒತ್ತಿದರೆ ನನ್ನ ಅರವತ್ತೆಂಟರ ತಾಯಿಯೂ ನಟ್ಟು ಸಡಿಲಿಸಬಲ್ಲರು, ಸಡಿಲಿಸಿ ತೋರಿಸಿದ್ದಾರೆ. ಜಾಕ್ ಏರಿಸುವ ಮೊದಲು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕೆಂಬುದು ಈ ಅಭ್ಯಾಸದಲ್ಲಿ ಕಲಿಯಬೇಕಾದ ಮುಖ್ಯ ಪಾಠ.

ಬಾನೆಟ್ಟಿನೊಳಗೆ

ಎಂಜಿನ್ ಆಯಿಲನ್ನು ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷವಾದ ಮೇಲೆ ನೋಡಬೇಕು. ಡಿಪ್‌ಸ್ಟಿಕ್ಕನ್ನು ಹೊರಗೆಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ಎಳೆದಾಗ ಕಾಣುವ ಮಟ್ಟವೇ ನಿಜವಾದ ಮಟ್ಟ. ಅದು ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರ ಇರಬೇಕು. ಕಪ್ಪಾಗಿದ್ದ ಮಾತ್ರಕ್ಕೆ ಆಯಿಲ್ ಕೆಟ್ಟಿತೆಂದಲ್ಲ, ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ಬೇಗ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಒಳಗೆ ನೀರು ಸೇರಿದೆಯೆಂದು ತಿಳಿದು ಗ್ಯಾರೇಜಿಗೆ ಒಯ್ಯಬೇಕು. ಸರ್ವೀಸ್ ಪುಸ್ತಕದಲ್ಲಿ ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿದ್ದರೆ, ವರ್ಷಕ್ಕೆ ನಾಲ್ಕು ಸಾವಿರ ಓಡುವ ನಮ್ಮಂಥವರಿಗೆ ಅನ್ವಯಿಸುವುದು ಎರಡನೆಯ ಮಾತು.

ಕೂಲೆಂಟ್ ಡಬ್ಬಿಯ ಮಟ್ಟವನ್ನು ಎಂಜಿನ್ ತಣ್ಣಗಿರುವಾಗ ಹೊರಗಿನಿಂದಲೇ ನೋಡಬಹುದು. ಬಿಸಿಯಿರುವಾಗ ಯಾವ ಕಾರಣಕ್ಕೂ ಅದರ ಅಥವಾ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮಟ್ಟ ತಗ್ಗಿದ್ದರೆ ಕಂಪನಿ ಹೇಳಿರುವ ಕೂಲೆಂಟನ್ನೇ ತುಂಬಬೇಕು, ಗಟ್ಟಿ ಕೂಲೆಂಟಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವನ್ನು ನೋಡಿದವರಿಗೆ, ಅದೇ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಏನು ಮಾಡೀತೆಂದು ವಿವರಿಸಬೇಕಿಲ್ಲ. ಪದೇ ಪದೇ ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ. ರಬ್ಬರ್ ಹೋಸುಗಳನ್ನು ಬೆರಳಲ್ಲಿ ಒತ್ತಿ ನೋಡಿದಾಗ ಮೆತ್ತಗೆ ಉಬ್ಬಿರುವುದೋ, ಗಟ್ಟಿಯಾಗಿ ಬಿರಿದಿರುವುದೋ ಕೈಗೆ ಸಿಗುತ್ತದೆ. ಕೊನೆಗೆ ಎ.ಸಿ. ಹಾಕಿ ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು ರೇಡಿಯೇಟರ್ ಫ್ಯಾನು ತಿರುಗುವ ಸದ್ದನ್ನು ಕೇಳಿಸಿಕೊಳ್ಳಬೇಕು. ಹೆದ್ದಾರಿಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ಫ್ಯಾನು ಕೆಟ್ಟಿರುವುದು ತಿಳಿಯುವುದಿಲ್ಲ. ಗುಂಡ್ಯದಿಂದ ಮೇಲಕ್ಕೆ ಶಿರಾಡಿ ಘಾಟಿಯಲ್ಲಿ ಟ್ಯಾಂಕರಿನ ಹಿಂದೆ ಮೊದಲನೇ ಗೇರಿನಲ್ಲಿ ತೆವಳುವಾಗಷ್ಟೇ ತಿಳಿಯುತ್ತದೆ.

ಇಲಿಯ ವಿಚಾರವನ್ನೂ ಇಲ್ಲೇ ಹೇಳಬೇಕು. ಬಾನೆಟ್ಟಿನೊಳಗೆ ಹಿಕ್ಕೆ, ಒಣಹುಲ್ಲು, ಕಡಿದ ಸ್ಪಂಜಿನ ಚೂರು ಕಂಡರೆ ತಂತಿಗಳನ್ನು ಒಂದೊಂದಾಗಿ ನೋಡಬೇಕು. ಹೊಗೆಸೊಪ್ಪಿನ ಕಟ್ಟು ಇಟ್ಟರೆ ಇಲಿ ಬರುವುದಿಲ್ಲವೆಂದು ಹೇಳುವವರಿದ್ದಾರೆ. ನಾನೂ ಇಟ್ಟಿದ್ದೆ, ಎರಡು ತಿಂಗಳ ನಂತರ ಆ ಕಟ್ಟಿನ ಮೇಲೆಯೇ ಹಿಕ್ಕೆಗಳಿದ್ದವು. ಎಂಜಿನ್ನಿನ ಕೆಳಗಿನ ತೆರವುಗಳಿಗೆ ಗ್ಯಾರೇಜಿನಲ್ಲಿ ಉಕ್ಕಿನ ಜಾಲರಿ ಹಾಕಿಸಿದ ಮೇಲೆ, ಮಕ್ಕಳು ಸೀಟಿನ ಸಂದಿಯಲ್ಲಿ ಬೀಳಿಸಿದ ಬಿಸ್ಕತ್ತನ್ನು ಭಾನುವಾರವೇ ಗುಡಿಸುವ ನಿಯಮ ಮಾಡಿಕೊಂಡ ಮೇಲೆ ಕಾಟ ತಗ್ಗಿತು.

ಬ್ರೇಕು, ಮತ್ತು ಚಾರ್ಮಾಡಿಯಲ್ಲಿ ನಾನು ಕಲಿತದ್ದು

ಕೆಲವು ವರ್ಷಗಳ ಹಿಂದೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹಿಂದಿನ ಸೀಟಿನಲ್ಲಿ ತಂದೆತಾಯಿಯರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿದ್ದೆ. ಮಂಜು ಕವಿದಿತ್ತು. ಮೂರನೇ ಗೇರಿನಲ್ಲಿದ್ದುಕೊಂಡು ಪ್ರತಿ ತಿರುವಿಗೂ ಬ್ರೇಕನ್ನೇ ನೆಚ್ಚಿದ್ದೆ. ಏಳೆಂಟು ತಿರುವು ದಾಟಿದ ಮೇಲೆ ಬ್ರೇಕ್ ಪೆಡಲ್ ಎಂದಿಗಿಂತ ಕೆಳಗೆ ಹೋಯಿತು. ಮುಂದಿನ ತಿರುವಿನಲ್ಲಿ ಒದ್ದೆ ಸ್ಪಂಜನ್ನು ಮೆಟ್ಟಿದಂತೆ ಇನ್ನೂ ಕೆಳಗೆ. ಗೇರನ್ನು ಎರಡಕ್ಕೂ ಆಮೇಲೆ ಒಂದಕ್ಕೂ ಇಳಿಸಿ, ಪೆಡಲನ್ನು ಪದೇ ಪದೇ ಪಂಪ್ ಮಾಡಿ, ಹ್ಯಾಂಡ್‌ಬ್ರೇಕನ್ನು ಮೆಲ್ಲನೆ ಎಳೆದು, ರಸ್ತೆ ಅಗಲವಾಗಿದ್ದೆಡೆ ನಿಲ್ಲಿಸಿದೆ. ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ಮೊದಲಿನಂತೆ ಗಟ್ಟಿಯಾಯಿತು. ಉಜಿರೆ ತಲುಪಿದಾಗ ಮೆಕ್ಯಾನಿಕ್ಕೊಬ್ಬರು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಕಷಾಯದಂತೆ ಕಪ್ಪಾಗಿದ್ದುದನ್ನು ನನಗೆ ತೋರಿಸಿ, ‘ಇದನ್ನು ಯಾವಾಗ ಬದಲಾಯಿಸಿದ್ದೀರಿ?’ ಎಂದು ಕೇಳಿದರು. ನನಗೆ ನೆನಪಿರಲಿಲ್ಲ.

ಆದದ್ದಿಷ್ಟೇ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ಅದೇ ಆಯಿಲ್ ಶೇಕಡ ಮೂರೂ ಮುಕ್ಕಾಲರಷ್ಟು ನೀರು ಹೀರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಸತತವಾಗಿ ತುಳಿದ ಬ್ರೇಕಿನ ಬಿಸಿಗೆ ಅಂಥ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತೆ ಆವಿ ಒತ್ತಡವನ್ನು ಮುಂದಕ್ಕೆ ದಾಟಿಸದೆ ತಾನೇ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ಹೋದರೂ ಬ್ರೇಕ್ ಹಿಡಿಯುವುದಿಲ್ಲ. ಇದಕ್ಕೆ ಮದ್ದು ಎರಡು. ಎಷ್ಟೇ ಕಡಿಮೆ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಪೂರ್ತಿ ತೆಗೆಸಿ ಹೊಸದನ್ನು ಹಾಕಿಸುವುದು ಒಂದು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯುವುದು ಇನ್ನೊಂದು. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬಂದರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಎಲ್, 2 ಅಥವಾ ಮ್ಯಾನ್ಯುಯಲ್ ಸ್ಥಾನ ಅದಕ್ಕೆಂದೇ ಇದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ತಿಳಿಯಬೇಕಾದದ್ದೆಂದರೆ, ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಧನ ಪೂರೈಕೆ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗಿಗಾಗಿ ಖರ್ಚಾಗುತ್ತಲೇ ಇರುತ್ತದೆ.

ಬುಧವಾರದ ಪರಿಶೀಲನೆಯಲ್ಲಿ ಬ್ರೇಕಿಗಾಗಿ ಮಾಡಬೇಕಾದದ್ದು ಮೂರು ಕೆಲಸ. ಡಬ್ಬಿಯ ಮಟ್ಟ ನೋಡಬೇಕು. ಅದು ನಿಧಾನವಾಗಿ ತಗ್ಗುತ್ತಿದ್ದರೆ ಬ್ರೇಕ್ ಪ್ಯಾಡುಗಳು ಸವೆದಿವೆಯೆಂಬ ಸೂಚನೆ, ಆಯಿಲ್ ತುಂಬಿಸಿ ಸುಮ್ಮನಾಗುವಂತಿಲ್ಲ. ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದಾಗ ಅದು ಮೆಲ್ಲಗೆ ಕುಸಿಯಬಾರದು. ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಕಿರುಗುಟ್ಟುವುದು, ಸ್ಟಿಯರಿಂಗ್ ನಡುಗುವುದು, ಕಾರು ಒಂದು ಬದಿಗೆ ಎಳೆಯುವುದು ಇರಬಾರದು. ಮಳೆಗಾಲದಲ್ಲಿ ಕಾರು ತೊಳೆದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಹಿಂದಿನ ಬ್ರೇಕ್ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಜಾಗ ಸಮತಟ್ಟಾಗಿದ್ದರೆ ಮೊದಲ ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ತುಂಡೊಂದನ್ನು ಆನಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟಿಡುವುದು ಲೇಸು.

ಗಾಜು, ದೀಪ, ಇಂಧನ

ವೈಪರ್ ರಬ್ಬರು ಮಳೆಯಲ್ಲಿ ಸವೆಯುವುದಕ್ಕಿಂತ ಬಿಸಿಲಿನಲ್ಲಿ ಒಣಗಿ ಕೆಡುವುದೇ ಹೆಚ್ಚು. ವರ್ಷಕ್ಕೊಮ್ಮೆ, ಜೂನ್‌ಗೆ ಮೊದಲು ಬದಲಿಸಿದರೆ ಆಯಿತು. ಕೊಡಗಿನ ಮಳೆಯಲ್ಲಿ ಗಾಜಿನ ಒಳಗೆ ಮಂಜು ಕಟ್ಟಿದರೆ ಒರೆಸುವುದು ವ್ಯರ್ಥ, ಎ.ಸಿ. ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದರೆ ನಿಮಿಷದೊಳಗೆ ತಿಳಿಯಾಗುತ್ತದೆ. ದೀಪಗಳನ್ನು ಪರೀಕ್ಷಿಸಲು ಗೋಡೆಗೆದುರಾಗಿ ನಿಲ್ಲಿಸಿ ಒಂದೊಂದನ್ನೇ ಹಾಕಿ ನೋಡಿದರೆ ಸಾಕು. ಬ್ರೇಕ್ ದೀಪಕ್ಕೆ ಮಾತ್ರ ಹಿಂದೆ ನಿಂತು ನೋಡುವವರೊಬ್ಬರು ಬೇಕು. ಹಿಂದಿನ ಸೀಟು, ಡಿಕ್ಕಿ ಎರಡೂ ತುಂಬಿದಾಗ ಕಾರಿನ ಮೂತಿ ಮೇಲಕ್ಕೆದ್ದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟಿಯರಿಂಗಿನ ಪಕ್ಕ 0, 1, 2, 3 ಎಂದು ಬರೆದಿರುವ ಸಣ್ಣ ಚಕ್ರವನ್ನು ತಿರುಗಿಸಿ ಬೆಳಕನ್ನು ತಗ್ಗಿಸಬಹುದೆಂಬುದನ್ನು ಎಷ್ಟೋ ಮಂದಿ ಕಾರು ಮಾರುವವರೆಗೂ ತಿಳಿದಿರುವುದಿಲ್ಲ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲಿಗೂ ತೇವ ಹೀರುವ ಗುಣವಿದೆ. ತಿಂಗಳುಗಟ್ಟಲೆ ಕಾಲು ಟ್ಯಾಂಕಿನಲ್ಲಿ ನಿಲ್ಲಿಸುವ ಬದಲು ಅರ್ಧಕ್ಕಿಂತ ಮೇಲಿಟ್ಟರೆ ಟ್ಯಾಂಕಿನೊಳಗೆ ತೇವದ ಗಾಳಿಗೆ ಜಾಗ ಕಡಿಮೆ. ಅಷ್ಟು ಎಥನಾಲಿಗೆ ಹೊಂದುವ ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳು 2023ರ ಏಪ್ರಿಲ್‌ನಿಂದೀಚಿನ ಕಾರುಗಳಲ್ಲಿ ಇವೆ. ಅದಕ್ಕಿಂತ ಹಳೆಯ ಕಾರಿನವರು ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಇಂಧನದ ಪೈಪುಗಳನ್ನು ತಡಮಾಡದೆ ತೋರಿಸಬೇಕು.

ಡಿಕ್ಕಿಯಲ್ಲಿರಬೇಕಾದದ್ದು, ದಾರಿಯಲ್ಲಿ ಮಾಡಬೇಕಾದದ್ದು

ಪ್ರತಿಫಲಕ ತ್ರಿಕೋನ, ಟಾರ್ಚ್, ಜಂಪರ್ ಕೇಬಲ್, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಗಾಳಿ ಪಂಪು, ಕೆಲವು ಫ್ಯೂಸುಗಳು, ಎರಡು ಲೀಟರ್ ಡಿಸ್ಟಿಲ್ಡ್ ವಾಟರ್, ಕೈಗವಸು ಮತ್ತು ಮೊದಲು ಹೇಳಿದ ಪೈಪು: ಇಷ್ಟು ನನ್ನ ಡಿಕ್ಕಿಯಲ್ಲಿವೆ. ಆರ್.ಸಿ., ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಮತ್ತು ಲೈಸೆನ್ಸು ಡಿಜಿಲಾಕರಿನಲ್ಲಿದ್ದರೂ ನಡೆಯುತ್ತದೆ, ಆದರೆ ಅವಧಿ ಮುಗಿದಿಲ್ಲವೆಂದು ಬುಧವಾರವೇ ನೋಡಿಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ಎಲ್ಲೆಡೆ ತುರ್ತಿಗೆ 112. ಘಾಟಿಯಲ್ಲಿ ನೆಟ್‌ವರ್ಕ್ ಸಿಗದ ಕಡೆಗಳಿರುವುದರಿಂದ ವಿಮಾ ಕಂಪನಿಯ ನೆರವಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಇಟ್ಟುಕೊಂಡಿದ್ದರೆ ಯಾರದಾದರೂ ಫೋನಿನಿಂದ ಕರೆ ಮಾಡಲು ಬರುತ್ತದೆ.

ಜಂಪರ್ ಕೇಬಲ್ ಹಾಕುವ ಕ್ರಮವನ್ನು ಆ ಚೀಟಿಯ ಹಿಂಬದಿಯಲ್ಲೇ ಬರೆದಿಡಬಹುದು. ಕೆಂಪು ತಂತಿಯ ಒಂದು ತುದಿ ಸತ್ತ ಬ್ಯಾಟರಿಯ ಧನಾಗ್ರಕ್ಕೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಧನಾಗ್ರಕ್ಕೆ. ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಋಣಾಗ್ರಕ್ಕೆ, ಕೊನೆಯ ತುದಿ ಕೆಟ್ಟು ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದು.

ದಾರಿಯಲ್ಲಿ ಎಂಜಿನ್ ಉಷ್ಣತೆಯ ಮುಳ್ಳು ಎಂದಿಗಿಂತ ಮೇಲೇರತೊಡಗಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಕಿಟಕಿ ಇಳಿಸಬೇಕು. ಒಳಗಿದ್ದವರು ಬೈದುಕೊಂಡರೂ ಎಂಜಿನ್ನಿನ ಬಿಸಿ ಅಷ್ಟರಮಟ್ಟಿಗೆ ಹೊರಬರುತ್ತದೆ. ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಬೇಕು, ಅರ್ಧ ಗಂಟೆಗೂ ಹೆಚ್ಚು ಕಾದ ಮೇಲಷ್ಟೇ ಮುಚ್ಚಳದ ಯೋಚನೆ. ಕೆಂಪು ದೀಪ ಹೊತ್ತಿದ ಮೇಲೂ ‘ಇನ್ನೆರಡು ಕಿಲೋಮೀಟರಿಗೆ ಊರು’ ಎಂದು ಓಡಿಸಿದರೆ ಒಂದು ಹೋಸಿನ ಖರ್ಚು ಇಡೀ ಎಂಜಿನ್ನಿನ ಖರ್ಚಾಗುತ್ತದೆ.

ಭಾನುವಾರ ರಾತ್ರಿ ಮನೆಗೆ ಬಂದ ಮೇಲೆ ಕಾರಿಗೆ ಬೀಗ ಹಾಕುವ ಮೊದಲು ಗ್ಲೋವ್ ಬಾಕ್ಸಿನಲ್ಲಿರುವ ನೋಟುಪುಸ್ತಕ ತೆಗೆದು ದಿನಾಂಕ, ಓಡಿದ ಕಿಲೋಮೀಟರು, ಹಾಕಿಸಿದ ಪೆಟ್ರೋಲ್ ಮತ್ತು ದಾರಿಯಲ್ಲಿ ಕಿವಿಗೆ ಬಿದ್ದ ಹೊಸ ಸದ್ದುಗಳನ್ನು ಬರೆಯುತ್ತೇನೆ. ‘ಎಡಗಡೆ ಮುಂದಿನ ಚಕ್ರ, ಹಂಪಿನ ಮೇಲೆ ಟಕ್ ಎನ್ನುತ್ತದೆ’ ಎಂದು ಹೋದ ವಾರ ಬರೆದಿದ್ದೆ. ಬುಧವಾರ ಅದನ್ನೇ ಓದಿ ಹೇಳಿದಾಗ ಮೆಕ್ಯಾನಿಕ್ ಕಾರನ್ನು ಓಡಿಸಿ ನೋಡದೆಯೇ ಸಸ್ಪೆನ್ಷನ್ನಿನ ಸಣ್ಣ ಜೋಡಣೆ ಕಡ್ಡಿಯಾದ ಸ್ಟೆಬಿಲೈಸರ್ ಲಿಂಕ್ ಇರಬೇಕೆಂದರು, ಬಿಚ್ಚಿದಾಗ ಅದೇ ಆಗಿತ್ತು.